ಸೈಟು ಬ್ರೋಷರಿನ ನಕ್ಷಾಪ್ರಮಾಣ ಮೀಮಾಂಸೆ

ಕಾಗದದ ಮೇಲಿನ ದೂರಕ್ಕೂ ನೆಲದ ಮೇಲಿನ ದೂರಕ್ಕೂ ಇರುವ ಅನುಪಾತವೇ ಸ್ಕೇಲು ಎಂದು ಪೂರ್ವಸೂರಿಗಳ ಮತ. ಸರ್ವೇ ಆಫ್ ಇಂಡಿಯಾದ 1:50,000ದ ಹಾಳೆಯಲ್ಲಿ 2 ಸೆಂ.ಮೀ. ಎಂದರೆ ನೆಲದಲ್ಲಿ 1 ಕಿ.ಮೀ.; ಹಳೆಯ ಹಾಳೆಗಳಲ್ಲಿ ಇಂಚಿಗೊಂದು ಮೈಲಿ, ಅರ್ಥಾತ್ 1:63,360. ಒಂದು ಹಾಳೆಗೆ ಒಂದೇ ಸ್ಕೇಲು. ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ ಸೈಟು ಮಾರುವವರ ಬ್ರೋಷರುಗಳು ಈ ಮತವನ್ನು ಖಂಡಿಸಿ ಬಹುಕಾಲವಾದರೂ ವಿದ್ವಾಂಸರು ಇತ್ತ ಕಣ್ಣೆತ್ತಿಯೂ ನೋಡಿಲ್ಲ.

ಇತಿಹಾಸವನ್ನು ಸ್ವಲ್ಪದರಲ್ಲೇ ಮುಗಿಸುವೆ. 1800ರಲ್ಲಿ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಕೃಷ್ಣರಾಜಪುರದಿಂದ ಅಗರದವರೆಗಿನ ಏಳು ಮೈಲಿ ಚಿಲ್ಲರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಹಿಡಿದದ್ದು ಸುಮಾರು ಎರಡು ತಿಂಗಳು. (ಅದೇ ದಿಕ್ಕಿನ ಇಂದಿನ ಔಟರ್ ರಿಂಗ್ ರೋಡಿನ ಸವಾರರು ಇದನ್ನು ಒಳ್ಳೆಯ ವೇಗವೆಂದೇ ಎಣಿಸುತ್ತಾರೆ.) ಬಿಸಿಲಿಗೆ ಸರಪಳಿ ಹಿಗ್ಗುವುದೆಂದು ಆತ ಉಷ್ಣಾಂಶಕ್ಕೂ ಲೆಕ್ಕ ಕಟ್ಟಿದ. ಬೆಲೆಯ ಬಿಸಿಗೆ ದೂರ ಕುಗ್ಗುವುದು ಮಾತ್ರ ಪಾಪ ಅವನಿಗೆ ತಿಳಿದಿರಲಿಲ್ಲ.

ಈಗ ಪ್ರಯೋಗ. ಒಂದು ಬ್ರೋಷರನ್ನು ಕಲ್ಪಿಸಿಕೊಳ್ಳಿ. ಕೆಳಗೆ ವಿಧಾನಸೌಧ, ಮೇಲೆ ವಿಮಾನ, ಅದರ ರೆಕ್ಕೆಗೆ ತಾಗಿದಂತೆ ಕೆಂಪು ನಕ್ಷತ್ರ. ನಕ್ಷತ್ರವೇ ಬಡಾವಣೆ. ವಿಧಾನಸೌಧದಿಂದ ವಿಮಾನಕ್ಕೆ ಪಟ್ಟಿಯಿಟ್ಟರೆ 7 ಸೆಂ.ಮೀ.; ರಸ್ತೆಯಲ್ಲಿ ಸುಮಾರು 35 ಕಿ.ಮೀ., ಎಂದರೆ 35 ಲಕ್ಷ ಸೆಂ.ಮೀ. ಭಾಗಿಸಿದರೆ 1:5,00,000. ವಿಮಾನದಿಂದ ನಕ್ಷತ್ರಕ್ಕೆ 1 ಸೆಂ.ಮೀ. ಈ ಲೆಕ್ಕದಲ್ಲಿ 5 ಕಿ.ಮೀ. ಆಗಬೇಕು. ಬೈಕಿನ ಮೀಟರು 20 ತೋರಿಸಿತೆನ್ನಿ. ಆಗ ಸ್ಕೇಲು 1:20,00,000. ಎಂಟೇ ಸೆಂ.ಮೀ. ಕಾಗದದಲ್ಲಿ ಸ್ಕೇಲು ನಾಲ್ಕು ಪಟ್ಟು ಬದಲಾಯಿತು! ಪ್ರಮೇಯ: ಸೈಟು ಸಮೀಪಿಸಿದಂತೆಲ್ಲ ಒಂದು ಸೆಂ.ಮೀ. ಹೆಚ್ಚು ಹೆಚ್ಚು ಹೊಲಗದ್ದೆಗಳನ್ನು ನುಂಗುತ್ತದೆ.

ಪಕ್ಕದಲ್ಲೇ ‘ಏರ್‌ಪೋರ್ಟಿನಿಂದ 10 ನಿಮಿಷ’ ಎಂಬ ಶಾಸನವಿರುತ್ತದೆ. 20 ಕಿ.ಮೀ.ಗೆ 10 ನಿಮಿಷವಾದರೆ ಗಂಟೆಗೆ 120 ಕಿ.ಮೀ. ಶಾಸನಕಾರನು ಏರ್‌ಪೋರ್ಟಿನಿಂದ ವಿಮಾನದಲ್ಲೇ ಹೊರಟಿರಬೇಕೆಂದು ಒಂದು ಪಕ್ಷ. ಹಂಪುಗಳು ಆಮೇಲೆ ಹುಟ್ಟಿದವೆಂದು ಇನ್ನೊಂದು.

ವಾಟ್ಸ್‌ಆ್ಯಪಿನಲ್ಲಿ ಬಂದ ನಕ್ಷೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದೊಡನೆ ಅಂಕಿಯಲ್ಲಿ ಬರೆದ ಸ್ಕೇಲು ಸುಳ್ಳಾಗುತ್ತದೆ. ಗೆರೆಯಾಗಿ ಎಳೆದ ಅಳತೆಪಟ್ಟಿ ಮಾತ್ರ ಜೊತೆಗೇ ಹಿಗ್ಗಿ ಸತ್ಯವಾಗಿ ಉಳಿಯುತ್ತದೆ. ಬ್ರೋಷರುಕಾರರು ಎರಡನ್ನೂ ಹಾಕದೆ ದೋಷಮುಕ್ತರಾಗಿದ್ದಾರೆ.

ಇನ್ನು ಸೈಟು. ಥರ್ಟಿ ಫಾರ್ಟಿ, ಎಂದರೆ 9.14 ಮೀ. × 12.19 ಮೀ. ಇದನ್ನು 1:50,000ದ ಸರ್ಕಾರಿ ಹಾಳೆಗೆ ಇಳಿಸಿದರೆ 0.18 ಮಿ.ಮೀ. × 0.24 ಮಿ.ಮೀ. ಇಪ್ಪತ್ತು ವರ್ಷದ ಕಂತು ಪೆನ್ಸಿಲಿನ ಒಂದು ಚುಕ್ಕೆಯಡಿ ಮುಚ್ಚಿಹೋಗುತ್ತದೆ. ಬ್ರೋಷರಿನಲ್ಲಾದರೋ ಆ ನಕ್ಷತ್ರ ಹೆಬ್ಬೆರಳಗಲ. 2 ಸೆಂ.ಮೀ. ಎಂದುಕೊಂಡರೂ 1:5,00,000ದ ಪ್ರಕಾರ 10 ಕಿ.ಮೀ. ಅಗಲದ ಬಡಾವಣೆ, ವಿಮಾನ ನಿಲ್ದಾಣ ಅದರ ಒಂದು ಪಾರ್ಕಿನಲ್ಲಿ ಇಳಿಯಬಹುದು.

ಪೂರ್ವಪಕ್ಷವಾಗಿ ಏಜೆಂಟರು ಹೇಳುವುದುಂಟು: “ಸಾರ್, ಐದು ವರ್ಷ ತಡೀರಿ, ಸಿಟಿಯೇ ಇಲ್ಲಿಗೆ ಬರುತ್ತೆ.” ಆಗ ನೆಲವೇ ನಕ್ಷೆಯ ಅಳತೆಗೆ ಒಗ್ಗಬೇಕಾಗುತ್ತದೆ. ಈ ವಾದವನ್ನು ಪರೀಕ್ಷಿಸಲು ಸ್ಕೇಲಿರುವ ಮೂಲ ನಕ್ಷೆ ಬೇಕು. ಅದನ್ನು ಟೋಕನ್ ಅಡ್ವಾನ್ಸ್ ಕಟ್ಟಿದವರಿಗೆ ಮಾತ್ರ ತೋರಿಸಲಾಗುವುದಂತೆ.