ಬಹುಮತದ ಉತ್ತರ

ಬಯಲುಸೀಮೆಯವರಿಗೆ ದಿಕ್ಕನ್ನು ಯಾರೂ ಹೇಳಿಕೊಡಬೇಕಿಲ್ಲ. ಹೊಲದ ಪತ್ರ ಬರೆಸುವಾಗ ಚಕ್ಕುಬಂದಿ ಕೇಳಿದರೆ, ಮೂಡಲಿಗೆ ಹಳ್ಳ, ಪಡುವಲಿಗೆ ದಾಯಾದಿಯ ಹೊಲ ಎಂದು ಕಣ್ಣು ಮುಚ್ಚಿ ಒಪ್ಪಿಸುತ್ತಾರೆ. ಉತ್ತರಕ್ಕೆ ತಲೆಯಿಟ್ಟು ಮಲಗಿದ ನೆಂಟನನ್ನು ನಡುರಾತ್ರಿ ಎಬ್ಬಿಸಿ ಹಾಸಿಗೆ ತಿರುಗಿಸುವ ಅಜ್ಜಿಯರು ಇನ್ನೂ ಇದ್ದಾರೆ. ಆದರೆ ಅದೇ ಅಜ್ಜಿಯ ಮೊಮ್ಮಗನ ಕೊರಳಿಗೆ ಸ್ಕಾರ್ಫ್ ಕಟ್ಟಿ, ಕೈಗೆ ಕಂಪಾಸ್ ಕೊಟ್ಟು ಕಾಡಿಗೆ ಬಿಡಿ. ಉತ್ತರ ಯಾವ ಕಡೆ ಎಂಬುದು ಕೂಡಲೇ ಚರ್ಚಾಸ್ಪರ್ಧೆಯ ವಿಷಯವಾಗುತ್ತದೆ.

ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿ ಕೆರೆ ಇದೆ, ಗುಡ್ಡವಿದೆ, ಕುರುಚಲು ಕಾಡಿದೆ, ಸ್ಕೌಟುಗಳ ಶಿಬಿರದ ಜಾಗವೂ ಇದೆ. ಅಲ್ಲಿಗೆ ಬಂದ ಹುಡುಗರ ಜೊತೆ ನಾನು ಹೋದದ್ದು ಮಂಡಕ್ಕಿ ಚೀಲ ಹೊರುವ ಹುದ್ದೆಯಲ್ಲಿ. ಹೊರುವವನಿಗೆ ಅಭಿಪ್ರಾಯ ಇರಕೂಡದು, ಹಾಗಾಗಿ ಎಲ್ಲವನ್ನೂ ನೋಡಲು ಪುರುಸೊತ್ತಿತ್ತು.

ನಕ್ಷೆ, ಕಂಪಾಸ್ ಹಿಡಿದು ತಾವೇ ದಾರಿ ಹುಡುಕುವುದು ಹುಡುಗರ ಪರೀಕ್ಷೆ. ಮೊದಲು ನಕ್ಷೆಯ ಕಥೆ. ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ ನೋಡಲು ಚಂದ. ಎತ್ತರದ ಗೆರೆಗಳು ಕಂದು, ನೀರು ನೀಲಿ, ಕಾಡು ಹಸಿರು, ರಸ್ತೆ ಕೆಂಪು. 2 ಸೆಂಟಿಮೀಟರ್‌ಗೆ 1 ಕಿಲೋಮೀಟರ್. ಹುಡುಗರ ಕೈಗೆ ಬಂದದ್ದು ಮಾತ್ರ ಅದರ ಕಪ್ಪುಬಿಳುಪು ಜೆರಾಕ್ಸ್. ಅದರಲ್ಲಿ ಹಳ್ಳ, ಕಾಲುದಾರಿ, ಗುಡ್ಡದ ಗೆರೆ ಎಲ್ಲವೂ ಒಂದೇ ಬಣ್ಣ. "ಸರ್, ಇದು ದಾರಿನಾ ನೀರಾ?" ಎಂದ ಒಬ್ಬ. "ಹೋಗಿ ನೋಡು, ಕಾಲು ಒದ್ದೆಯಾದ್ರೆ ನೀರು," ಎಂದರು ಮೇಷ್ಟ್ರು.

ಕಂಪಾಸಿನ ಕೆಲಸ ಅಷ್ಟು ಕಷ್ಟದ್ದಲ್ಲ. ಹೊರಟ ಜಾಗದಿಂದ ಸೇರುವ ಜಾಗಕ್ಕೆ ಅದರ ಅಂಚನ್ನು ನಕ್ಷೆಯ ಮೇಲಿಟ್ಟು, ಡಯಲ್ಲಿನ ಗೆರೆಗಳು ನಕ್ಷೆಯ ಉತ್ತರಕ್ಕೆ ಹೊಂದುವಂತೆ ತಿರುಗಿಸಬೇಕು. ಆಮೇಲೆ ಎದೆಯ ಮುಂದೆ ಹಿಡಿದು, ಕೆಂಪು ಮುಳ್ಳು ಬಾಣದೊಳಗೆ ಕೂರುವ ತನಕ ನಾವೇ ಸುತ್ತಬೇಕು. ಮುಳ್ಳು ತೋರುವ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ನಮ್ಮ ಕಡೆ ಒಂದೆರಡು ಡಿಗ್ರಿ ಅಂತರ ಅಷ್ಟೆ. ಹತ್ತು ಹದಿನೈದು ಡಿಗ್ರಿ ಕೂಡಿ ಕಳೆಯಬೇಕಾದ ದೇಶಗಳಿವೆ. ಅಲ್ಲಿನ ಹುಡುಗರಿಗೆ ನೆಪವಾದರೂ ಸಿಗುತ್ತದೆ. ನಮ್ಮವರಿಗೆ ನೆಪ ಒದಗಿಸಿದ್ದು ಮೇಷ್ಟ್ರ ಮೊಬೈಲು. ಅದರ ಸ್ಪೀಕರಿನಲ್ಲಿ ಅಯಸ್ಕಾಂತ ಇರುತ್ತದಲ್ಲ, ಅವರು ತಿದ್ದಲು ಹತ್ತಿರ ಬಂದಾಗಲೆಲ್ಲ ಮುಳ್ಳು ಭಯಭಕ್ತಿಯಿಂದ ಅವರ ಜೇಬಿನತ್ತ ತಿರುಗುತ್ತಿತ್ತು.

ದೂರ ಅಳೆಯುವುದು ಹೆಜ್ಜೆ ಎಣಿಸಿ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರ್ವೆಯ ಬುನಾದಿ ಗೆರೆ ಅಳೆದದ್ದು ಉಕ್ಕಿನ ಸರಪಳಿ ಎಳೆದು. ಬಿಸಿಲಿಗೆ ಸರಪಳಿ ಹಿಗ್ಗಿದರೆ ಅದರ ಲೆಕ್ಕವನ್ನೂ ಇಡಬೇಕಿತ್ತು. ಹುಡುಗರ ಹೆಜ್ಜೆ ಬಿಸಿಲಿಗೆ ಕುಗ್ಗುತ್ತದೆ, ಮಂಡಕ್ಕಿ ಚೀಲ ಮುಂದೆ ಹೋದರೆ ಹಿಗ್ಗುತ್ತದೆ. ಈ ತಿದ್ದುಪಡಿಗೆ ಯಾವ ಕೋಷ್ಟಕವೂ ಇಲ್ಲ.

ಹುಲಿ ಪೆಟ್ರೋಲಿನವರು ಜಾಲಿ ಮೆಳೆಯೊಂದರ ಮುಂದೆ ನಿಂತರು. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸ್ಕೌಟುಗಳ ಮೊದಲ ಶಿಬಿರ ನಡೆಸಿದಾಗಲೇ ಹುಡುಗರನ್ನು ಸಣ್ಣ ಪೆಟ್ರೋಲುಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಲೀಡರನನ್ನು ಇಟ್ಟಿದ್ದ. ನಮ್ಮ ಲೀಡರ್ ಪ್ರಜಾಪ್ರಭುತ್ವವಾದಿ, ಓಟಿಗೆ ಹಾಕಿದ. ಉತ್ತರ ಎಡಕ್ಕಿದೆ ಎಂದು ನಾಲ್ಕು ಕೈ ಎದ್ದವು, ಬಲಕ್ಕೆ ಮೂರು. ಮುಳ್ಳು ಮೂರರ ಪರವಾಗಿತ್ತು. ಬಹುಮತ ಗೆದ್ದಿತು. ಮುಂದಿನ ಅರ್ಧ ಗಂಟೆ ಜಾಲಿ ಮುಳ್ಳಿನದು.

ಆಗ ಸಿಕ್ಕವನು ಕುರಿ ಕಾಯುವ ಅಜ್ಜ. "ಏನ್ ಕಳ್ಕಂಡೀರೋ ತಮ್ಮಾ?"

"ಏನಿಲ್ಲಜ್ಜಾ, ಕೆರೆ ಏರಿಗೆ ಹೋಗ್ಬೇಕು."

"ಅದಕ್ಯಾಕ ಇಷ್ಟೊಂದು ಕಾಗದ? ನಮ್ ಕುರಿ ನೀರಿಗೆ ಹೊಂಟಾವು, ಹಿಂದ ಬರ್ರಿ."

ದಾರಿ ಕೇಳುವುದು ನಿಯಮಕ್ಕೆ ವಿರುದ್ಧ. ಅವರೇನೂ ಕೇಳಲಿಲ್ಲ, ಅಜ್ಜನೇ ಹೇಳಿದ್ದು. ನನ್ನ ಮಟ್ಟಿಗೆ ಇದು ನಕಲು ಹೊಡೆದಂತಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬೋರ್ಡು ಓದಿಯೂ ಕಂಡಕ್ಟರನ್ನು ಕೇಳಿಯೇ ಹತ್ತುವ ನಾಡು ನಮ್ಮದು. ಮಂಡಕ್ಕಿ ಚೀಲದವನ ತೀರ್ಪು ಕೇಳುವವರು ಯಾರು?

ಏರಿಯ ಮೇಲೆ ಲೀಡರ್ ಲಾಗ್‌ಬುಕ್ ಒಪ್ಪಿಸಿದ. ಕೊನೆಯ ಹಂತ, 320 ಡಿಗ್ರಿ, ಗುರಿ ಕೆರೆ ಏರಿ ಎಂದು ದುಂಡಗೆ ಬರೆದಿದ್ದ. ಮೇಷ್ಟ್ರು ಅದನ್ನು ಓದಿದರು. ಆಮೇಲೆ ಬಗ್ಗಿ ಅವನ ಶೂಗೆ ಮೆತ್ತಿದ್ದ ಕುರಿ ಹಿಕ್ಕೆಯನ್ನೂ ಓದಿದರು. ಎರಡು ಅಂಕ ಹೋಯಿತು.

"ಸರ್," ಎಂದ ಹುಡುಗ ಬಿಡದೆ, "ಕುರಿ ಹೋಗಿದ್ದೂ 320ಕ್ಕೇ ಸರ್. ಕಂಪಾಸ್ ಇಟ್ಟು ನೋಡ್ಕೊಂಡೇ ಬಂದಿದೀನಿ."