ಮಾಳಿಗಿ ಮನ್ಯಾಗ ಸರ್ವರ್

ಯಮನೂರಿನ ದೀಪದ ಮಾತು ನೀವು ಕೇಳಿರಲೇಬೇಕು. ಹೋಳಿಹುಣ್ಣಿಮೆ ಕಳೆದ ಮೇಲೆ ಜಾತ್ರೆ ಕೂಡಿದಾಗ ಬೆಣ್ಣಿಹಳ್ಳದ ನೀರು ಹಾಕಿದರೂ ದೀಪ ಉರಿಯುತ್ತದೆ ಎಂದು ನವಲಗುಂದ ಸೀಮೆಯ ಜನ ನಂಬುತ್ತಾರೆ. ದೇವರ ದೀಪಕ್ಕೆ ನೀರು ಸಾಕು. ಅದೇ ಊರಿನಲ್ಲಿರುವ ನಮ್ಮ ಅಳಿಯನ ಸರ್ವರ್‌ಗೆ ಮಾತ್ರ ಕರೆಂಟೇ ಬೇಕು, ಅದೂ ಹಗಲೂ ರಾತ್ರಿ.

ಅಳಿಯ ಎಂದರೆ ಅಕ್ಕನ ಮಗ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನವರು ‘ಎಷ್ಟು ಬೇಕಾದರೂ ಪುಕ್ಕಟೆ’ ಅನ್ನುವುದನ್ನು ನಿಲ್ಲಿಸಿ 15 ಜಿಬಿಗೆ ಗೆರೆ ಕೊರೆದರಲ್ಲ, ಅಂದಿನಿಂದ ಇವನ ಸ್ವಾಭಿಮಾನ ಕೆರಳಿದೆ. “ನನ್ನ ಫೋಟೋ ಇಡಾಕ ನಾ ಯಾಕ್ರೀ ಮಾಮಾ ತಿಂಗಳಾ ಬಾಡಿಗಿ ಕೊಡಬೇಕು?” ಅಂದ. ನ್ಯಾಯದ ಮಾತೇ. ಮನೆಯಲ್ಲೇ ಸ್ವಂತ ಸರ್ವರ್ ಕಟ್ಟಲೆಂದು ಹುಬ್ಬಳ್ಳಿಯಿಂದ ಒಂದು ಹಳೇ ಕಂಪ್ಯೂಟರ್ ಬಂತು. ಎರಡು ಹಾರ್ಡ್ ಡಿಸ್ಕ್ ಬಂದವು. ಕರೆಂಟು ಹೋದರೆ ಡಿಸ್ಕ್ ಕೆಡುತ್ತದೆಂದು ಯುಪಿಎಸ್ ಬಂತು, ಆಮೇಲೆ ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು. ಉಳಿದ ಬಾಡಿಗೆಯ ಲೆಕ್ಕವನ್ನು ಅಕ್ಕ ಇನ್ನೂ ಕೇಳುತ್ತಲೇ ಇದ್ದಾಳೆ.

ಫೋಟೋ, ಫೈಲು ಇಡಲು ಅದರಲ್ಲಿ ಹಾಕಿಕೊಂಡ ತಂತ್ರಾಂಶ ನೆಕ್ಸ್ಟ್‌ಕ್ಲೌಡ್. ಫ್ರಾಂಕ್ ಕಾರ್ಲಿಚೆಕ್ ಎಂಬ ಜರ್ಮನಿಯವ 2010ರಲ್ಲಿ ಓನ್‌ಕ್ಲೌಡ್ ಶುರು ಮಾಡಿದ್ದ, 2016ರಲ್ಲಿ ಬೇರೆಯಾಗಿ ಬಂದು ನೆಕ್ಸ್ಟ್‌ಕ್ಲೌಡ್ ಕಟ್ಟಿದ. ಎರಡೂ ಒಳ್ಳೆಯವೇ, ಎರಡೂ ಕಾಸಿಲ್ಲದೆ ಸಿಗುತ್ತವೆ. ಜಗತ್ತಿನಲ್ಲಿ ಸರ್ಕಾರಗಳೇ ನೆಕ್ಸ್ಟ್‌ಕ್ಲೌಡ್ ಬಳಸುತ್ತವೆ ಎಂದು ಅಳಿಯ ಎದೆಯುಬ್ಬಿಸಿದ. ಬಳಸುತ್ತವೆ, ನಿಜ. ಆದರೆ ಸರ್ಕಾರಗಳಲ್ಲಿ ಅದನ್ನು ನೋಡಿಕೊಳ್ಳಲು ಪಗಾರದ ಮಂದಿ ಇರುತ್ತಾರೆ. ಇಲ್ಲಿ ಇರುವುದು ಇವನೊಬ್ಬ, ಅವನೂ ಊಟಕ್ಕೆ ಕರೆದರೆ ಮಾತ್ರ ಎಚ್ಚರಾಗುವವ.

ಮೊದಲ ತೊಡಕು ಜಾತ್ರೆಯಿಂದಲೇ ಬಂತು. ಇವನು ಫೋಟೋ ಹೊಡೆದು ‘ಚಾಂಗದೇವ’ ಎಂಬ ಫೋಲ್ಡರಿಗೆ ತುಂಬಿದ. ಇವನ ಗೆಳೆಯ ಅವೇ ಫೋಟೋಗಳನ್ನು ‘ರಾಜಾಬಾಗಸವಾರ’ ಎಂಬ ಫೋಲ್ಡರಿಗೆ ತುಂಬಿದ. ಎರಡೂ ಯಮನೂರಿನ ದೇವರ ಹೆಸರೇ; ಊರಿನಲ್ಲಿ ಎರಡು ಹೆಸರಿಗೂ ಒಂದೇ ಗದ್ದುಗೆ, ಜಗಳವಿಲ್ಲ. ಡಿಸ್ಕಿನಲ್ಲಿ ಮಾತ್ರ ಎರಡೆರಡು ಪಟ್ಟು ಜಾಗ ಹೋಯಿತು. ಕೂತು ಕೈಯಿಂದ ಅಳಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಅಳಿಯ ಇಂಜಿನಿಯರಿಂಗ್ ಕಲಿತವ, ಕೈಯಿಂದ ಮಾಡುತ್ತಾನೆಯೇ? ಜೋಡಿ ಫೋಟೋ ಹುಡುಕಿ ಕೊಡುವ ಆ್ಯಪ್ ಒಂದನ್ನು ತಂದು ಹಾಕಿದ. ಅದು ಬಂದ ಮೇಲೆ ಅಡಿಗೆ ಬರೆದಿಡುವ ಆ್ಯಪ್ ಬಂತು, ನಕಾಶೆಯದು ಬಂತು. ನೆಕ್ಸ್ಟ್‌ಕ್ಲೌಡ್‌ನ ಅಂಗಡಿಯಲ್ಲಿ ಇಂಥವು ನೂರಾರು. ಕಂಪನಿಯೇ ಬರೆದವು ಕೆಲವು, ಉಳಿದವು ಯಾರೋ ಹೊರಗಿನವರು ಬಿಡುವಿನಲ್ಲಿ ಬರೆದವು.

“ಎಲ್ಲಾಕ್ಕೂ ಡಿಜಿಟಲ್ ಸಹಿ ಇರ್ತೈತ್ರಿ ಮಾಮಾ” ಅಂದ. ಇರುತ್ತದೆ. ಬರೆದವರು ಯಾರು, ನಡುದಾರಿಯಲ್ಲಿ ಯಾರೂ ತಿದ್ದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಬರೆದದ್ದು ಚೊಲೋ ಐತಿ ಎಂಬುದಕ್ಕೆ ಸಾಕ್ಷಿಯಲ್ಲ. ಫೋನಿನ ಆ್ಯಪ್ ‘ಕ್ಯಾಮೆರಾ ಮುಟ್ಟಲೇ’ ಎಂದಾದರೂ ಕೇಳುತ್ತದೆ. ಇಲ್ಲಿ ಸಾಮಾನ್ಯ ಆ್ಯಪ್ ಯಾರನ್ನೂ ಏನೂ ಕೇಳುವುದಿಲ್ಲ. ಸರ್ವರ್‌ನೊಳಗೆ ಸರ್ವರ್‌ನ ಅಧಿಕಾರದಲ್ಲೇ ಓಡುತ್ತದೆ. ಮದುವೆ ಫೋಟೋ, ಹೊಲದ ಉತಾರ, ಅಕ್ಕನ ಬ್ಯಾಂಕಿನ ಪಾಸ್‌ಬುಕ್ಕು, ಎಲ್ಲವೂ ಅದರ ಕೈಗೆಟಕುವಲ್ಲೇ ಇರುತ್ತವೆ.

ಓನ್‌ಕ್ಲೌಡ್‌ನ ಕಥೆ ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದನ್ನು ಕೇಳಿದ ಮೇಲೆಯೇ ಅಳಿಯನ ಮುಖದ ಕಳೆ ಸ್ವಲ್ಪ ಇಳಿದದ್ದು. 2023ರ ನವೆಂಬರಿನಲ್ಲಿ ಅದರ ‘ಗ್ರಾಫ್‌ಎಪಿಐ’ ಎಂಬ ಆ್ಯಪ್‌ನಲ್ಲಿ ಒಂದು ತೂತು ಬಯಲಾಯಿತು. ಅಪಾಯದ ಅಳತೆಯಲ್ಲಿ ಹತ್ತಕ್ಕೆ ಹತ್ತು. ಕೆಟ್ಟದ್ದು ಆ್ಯಪ್‌ನವರು ಬರೆದ ಸಾಲೂ ಅಲ್ಲ. ಅವರು ಬೇರೆಯವರ ಕೋಡಿನ ಗಂಟೊಂದನ್ನು ತಂದು ಸೇರಿಸಿಕೊಂಡಿದ್ದರು. ಆ ಗಂಟಿನಲ್ಲಿ ಪರೀಕ್ಷೆಗೆಂದು ಬರೆದು ಬಿಟ್ಟಿದ್ದ ‘ಗೆಟ್‌ಪಿಎಚ್‌ಪಿಇನ್ಫೋ’ ಎಂಬ ಪುಟ್ಟ ಫೈಲು ಕೂತಿತ್ತು. ಅದರ ವಿಳಾಸ ಬಲ್ಲವರು ಯಾರೇ ಬ್ರೌಸರಿನಲ್ಲಿ ಹೊಡೆದರೂ ಸರ್ವರ್‌ನ ಒಳಗಿನ ಸ್ಥಿತಿಗತಿಯನ್ನೆಲ್ಲ ಅದು ಒದರುತ್ತಿತ್ತು. ಓನ್‌ಕ್ಲೌಡ್ ‘ಕಂಟೇನರ್’ ಎಂಬ ತಂತ್ರಾಂಶದ ಡಬ್ಬಿಯೊಳಗೆ ಓಡುತ್ತಿದ್ದ ಕಡೆ ಅಡ್ಮಿನ್ ಪಾಸ್‌ವರ್ಡೂ ಆ ಪಟ್ಟಿಯಲ್ಲಿ ಸಿಗಬಹುದಿತ್ತು. ಸುದ್ದಿ ಹೊರಬಿದ್ದು ವಾರ ತುಂಬುವುದರೊಳಗೆ ಕಳ್ಳರು ಊರೂರು ಸರ್ವರ್ ತಡಕತೊಡಗಿದ್ದರು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು ಸಂಗತಿ. ಆ ಆ್ಯಪನ್ನು ಬರೇ ‘ಬಂದ್’ ಮಾಡಿದರೆ ತೂತು ಮುಚ್ಚುತ್ತಿರಲಿಲ್ಲ. ಫೈಲನ್ನೇ ಅಳಿಸಿ, ಪಾಸ್‌ವರ್ಡುಗಳನ್ನು ಬದಲಿಸಬೇಕಿತ್ತು. ನಮ್ಮ ಅಳಿಯನ ಪದ್ಧತಿ ಏನೆಂದರೆ, ಬೇಡಾದ ಆ್ಯಪನ್ನು ಬಂದ್ ಮಾಡುವುದು, ‘ಇರಲಿ, ನಾಳೆ ಬೇಕಾದೀತು’ ಎಂದು ಅಲ್ಲೇ ಬಿಡುವುದು.

ಅಪ್‌ಡೇಟಿನ ಗೋಳು ಬೇರೆ. ನೆಕ್ಸ್ಟ್‌ಕ್ಲೌಡ್‌ನ ಒಂದೊಂದು ದೊಡ್ಡ ಆವೃತ್ತಿಗೆ ಸುಮಾರು ವರ್ಷದ ಮಟ್ಟಿಗೆ ಮಾತ್ರ ಪುಕ್ಕಟೆ ರಿಪೇರಿ. 28ರಿಂದ ನೆಟ್ಟಗೆ 30ಕ್ಕೆ ಜಿಗಿಯುವ ಹಾಗೂ ಇಲ್ಲ, ನಡುವೆ 29 ದಾಟಿಯೇ ಹೋಗಬೇಕು. ಹೊಸದಕ್ಕೆ ಹೋದಾಗ ಅದಕ್ಕೆ ಒಗ್ಗದ ಆ್ಯಪ್‌ಗಳು ತಾವೇ ಬಂದಾಗುತ್ತವೆ. ಜೋಡಿ ಫೋಟೋದ ಆ್ಯಪ್ ಬರೆದ ಪುಣ್ಯಾತ್ಮ ಹೊಸ ಆವೃತ್ತಿಗೆ ಅದನ್ನು ಇನ್ನೂ ತಿದ್ದಿರಲಿಲ್ಲ. ಅವನಿಗೂ ಮನೆಮಾರು ಇರುತ್ತದಲ್ಲ. “ಅಂವ ತಿದ್ದಲಿ, ಆಮ್ಯಾಲ ಅಪ್‌ಡೇಟ್ ಮಾಡ್ತೀನಿ” ಎಂದು ಅಳಿಯ ಕಾಯುತ್ತ ಕೂತ. ಎರಡು ಫೋಲ್ಡರಿನ ಜಾತ್ರೆ ಫೋಟೋ ಬೇರ್ಪಡಿಸುವ ಸಲುವಾಗಿ ಇಡೀ ಮನೆತನದ ಕಾಗದಪತ್ರ ರಿಪೇರಿಯಿಲ್ಲದ ಸರ್ವರ್‌ನಲ್ಲಿ ಬಿದ್ದಿತ್ತು.

ಅಕ್ಕನ ಮನೆ ಮಾಳಿಗೆಯ ಮನೆ. ಮಳೆಗಾಲ ಹಿಡಿಯುವ ಮೊದಲು ಕರಲು ಮಣ್ಣು ತಂದು ಮೇಲೆ ಹರವದಿದ್ದರೆ ಆ ವರ್ಷ ಹಾಸಿಗೆಯ ಮೇಲೇ ಸೋರುತ್ತದೆ. ಅಳಿಯನ ಪುರಾಣ ಕೇಳಿ ಅಕ್ಕ ಅಂದಳು: “ಮಾಳಿಗಿಗೆ ನಾ ವರ್ಷಾ ಮಣ್ಣ ಹಾಕ್ತೀನಿ. ನೀ ಮಣ್ಣೂ ಹಾಕವಲ್ಲಿ, ಮ್ಯಾಲಿಂದ ಮ್ಯಾಲೆ ತೂತು ಕೊರದು ವಾಯರ್ ಇಳಿಸ್ತೀ. ಸೋರದ ಏನ ಮಾಡೀತು?” ಇದಕ್ಕಿಂತ ಸರಿಯಾಗಿ ನಾನು ಹೇಳಲಾರೆ. ನೆಕ್ಸ್ಟ್‌ಕ್ಲೌಡ್‌ನವರ ಕೈಪಿಡಿಯೂ ಹೇಳಿಲ್ಲ.

ಹಳ್ಳಿಯ ಇಂಟರ್ನೆಟ್ಟಿಗೆ ಸ್ವಂತ ಹೊರವಿಳಾಸ ಸಿಗುವುದು ಅಪರೂಪ, ಹಲವು ಮನೆಗೆ ಸೇರಿ ಒಂದೇ. ಅದರಿಂದ ಹೊರಗಿನವರು ಸುಲಭಕ್ಕೆ ಒಳಗೆ ಬರಲಾಗದು. ಅಳಿಯನಿಗೆ ಇದು ದೊಡ್ಡ ಅವಮಾನ ಅನಿಸಿ, ರೊಕ್ಕ ಕೊಟ್ಟು ಸ್ಥಿರ ವಿಳಾಸ ತಗೊಂಡು, ಬಾಗಿಲು ತೆರೆದ. ಅಂದು ರಾತ್ರಿ ಲಾಗ್ ತೆರೆದು ತೋರಿಸಿದ. ಪರದೆಯ ತುಂಬ ಒಂದೇ ಮಾತು: ‘ಲಾಗಿನ್ ಫೇಲ್’. ಹೆಸರು ಅಡ್ಮಿನ್. ಮತ್ತೆ ಅಡ್ಮಿನ್. ಆಮೇಲೆ ರೂಟ್, ಟೆಸ್ಟ್, ಮತ್ತೆ ಅಡ್ಮಿನ್. “ಎಲ್ಲೆಲ್ಲಿಂದನೋ ಮಂದಿ ಬರಾಕತ್ತಾರ!” ಎಂದು ಹುಡುಗ ಕೂಗಿದ. ಒಳಗಿನಿಂದ ಅಕ್ಕ, “ಎಷ್ಟ ಮಂದಿ? ಚಾ ಇಡ್ಲೇನು?” ಅಂದಳು.

ಈಗ ಬಾಗಿಲು ಮುಚ್ಚಿದ್ದಾನೆ. ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಮನೆಯವರ ಫೋನುಗಳಿಗಷ್ಟೇ ದಾರಿ ಬಿಟ್ಟಿದ್ದಾನೆ. ಎರಡನೇ ಹಂತದ ಲಾಗಿನ್ ಬಂದಿದೆ. ಬೇಡಾದ ಆ್ಯಪ್‌ಗಳನ್ನು ಬೇರುಸಹಿತ ಕಿತ್ತಿದ್ದಾನೆ. ಬ್ಯಾಕಪ್ಪಿನ ಡಿಸ್ಕು ಮೊದಲು ಸರ್ವರ್‌ನ ಪಕ್ಕದಲ್ಲೇ, ಅದೇ ಕಪಾಟಿನಲ್ಲಿ ಇತ್ತು. ಬೆಣ್ಣಿಹಳ್ಳ ತುಂಬಿ ಬಂದರೆ ಎರಡನ್ನೂ ಒಟ್ಟಿಗೇ ಒಯ್ಯುತ್ತದೆ ಎಂದ ಮೇಲೆ ಒಂದು ಪ್ರತಿ ಹುಬ್ಬಳ್ಳಿಯ ನಮ್ಮ ಮನೆಗೆ ಬಂದು ಕೂತಿದೆ. ಹೀಗಾಗಿ ನಾನೂ ಈ ಉದ್ಯೋಗದಲ್ಲಿ ಪಾಲುದಾರ, ಪಗಾರವಿಲ್ಲದೆ.

ಮೊನ್ನೆ ಅವನಿಗೆ ಪುಣೆಯಿಂದ ಕೆಲಸದ ಪತ್ರ ಬಂತು. ಪೇಢೆ ಹಂಚುವಾಗ ಅಕ್ಕ ಕೇಳಿದಳು: “ನೀ ಹ್ವಾದ ಮ್ಯಾಲ ಈ ಪೆಟ್ಟಿಗಿ ಯಾರ ನೋಡ್ಬೇಕೋ? ಪಾಸ್‌ವರ್ಡ್ ಗೀಸ್‌ವರ್ಡ್ ಎಲ್ಲೆರ ಬರದಿಟ್ಟೀ?”

“ಎಲ್ಲಾ ಬರದಿಟ್ಟೇನಿ ತಗೋಬೇ” ಅಂದ ಅಳಿಯ.

“ಎಲ್ಲಿ?”

“ಸರ್ವರ್‌ನ್ಯಾಗ.”