ಕುರ್ಚಿಯ ಹಿಂದೆ

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ದೋಸೆ ತಿನ್ನಬೇಕಾದರೆ ಮೊದಲು ನಿಲ್ಲುವುದನ್ನು ಕಲಿಯಬೇಕು. ತಿನ್ನುವುದು ಆಮೇಲಿನ ಮಾತು. ನಾನು ಈ ವಿದ್ಯೆ ಕಲಿತದ್ದು ಅಪ್ಪನಿಂದ. ಹೋಟೆಲಿನ ಬಾಗಿಲು ದಾಟಿದ ಕೂಡಲೇ ಅವರು ಒಂದು ಕ್ಷಣ ನಿಂತು ಎಲ್ಲ ಮೇಜುಗಳ ಮೇಲೂ ಕಣ್ಣಾಡಿಸುತ್ತಿದ್ದರು. ಯಾರು ಇನ್ನೂ ದೋಸೆಯ ಅಂಚಿನಲ್ಲಿದ್ದಾರೆ, ಯಾರು ಪಲ್ಯಕ್ಕೆ ಬಂದಿದ್ದಾರೆ, ಯಾರ ಲೋಟದಲ್ಲಿ ನೊರೆ ಮಾತ್ರ ಉಳಿದಿದೆ ಎಂಬುದೆಲ್ಲ ಅವರಿಗೆ ಪಂಚಾಂಗ ಓದಿದಷ್ಟು ಸಲೀಸು. 'ಆ ಕನ್ನಡಕದವರು ಕಾಫಿಗೆ ಹೇಳಿ ಆಯ್ತು, ಅವರ ಹಿಂದೆ ನಿಂತ್ಕೋ' ಎಂದು ನನ್ನನ್ನು ಒಂದು ಕುರ್ಚಿಯ ಹಿಂದೆ ಅಟ್ಟಿ, ತಾವು ಇನ್ನೊಂದರ ಹಿಂದೆ ಹೋಗಿ ನಿಲ್ಲುತ್ತಿದ್ದರು. ಅಮ್ಮ ಮೂರನೆಯದರ ಹಿಂದೆ, ತಂಗಿ ನಾಲ್ಕನೆಯದರ ಹಿಂದೆ. ನಮ್ಮ ಸಂಸಾರ ನಾಲ್ಕು ಮೂಲೆಗಳಲ್ಲಿ ಕುಳಿತು, ಗುರುತಿಲ್ಲದವರ ಮೊಣಕೈಗಳ ನಡುವೆ ದೋಸೆ ತಿಂದು, ಚಟ್ನಿ ಹೇಗಿದೆ ಎಂಬುದನ್ನು ಹುಬ್ಬಿನಲ್ಲೇ ಹೇಳಿಕೊಂಡು, ಬೀದಿಗೆ ಬಂದ ಮೇಲೆ ಮತ್ತೆ ಒಂದಾಗುತ್ತಿತ್ತು. 'ಎಲ್ಲರೂ ಒಟ್ಟಿಗೆ ಹೋಟೆಲಿಗೆ ಹೋಗಿದ್ದೆವು' ಎಂದು ಅಮ್ಮ ನೆರೆಯವರಿಗೆ ಹೇಳುತ್ತಿದ್ದುದು ಇದನ್ನೇ.

ಕುರ್ಚಿಯ ಹಿಂದೆ ನಿಲ್ಲುವುದಕ್ಕೂ ಒಂದು ಮರ್ಯಾದೆಯುಂಟು. ತಿನ್ನುವವನ ತಟ್ಟೆ ನೋಡಬಾರದು. ಆದರೆ ಅದರಲ್ಲಿ ಎಷ್ಟು ಉಳಿದಿದೆ ಎಂಬುದು ಗೊತ್ತಿರಬೇಕು. ಕುರ್ಚಿಯ ಮೇಲೆ ಕೈ ಇಡಬಾರದು. ಇಡದಿದ್ದರೆ ಇನ್ಯಾರೋ ಇಟ್ಟುಬಿಡುತ್ತಾರೆ. ಗಂಟಲು ಸರಿಮಾಡಿಕೊಳ್ಳಬಾರದು, ಗಡಿಯಾರ ನೋಡಬಾರದು. ಹಾಗಾದರೆ ಕಣ್ಣಿಗೆ ಕೆಲಸವೇನು? ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳಿವೆ. ಹಸಿದು ನಿಂತು ನಾನು ಅವರ ಮುಖಗಳನ್ನು ನೋಡಿದಷ್ಟು ಹೊತ್ತು ಅವರ ಪ್ರಕಾಶಕರೂ ನೋಡಿರಲಾರರು. ಓದಿದ್ದೆಷ್ಟು ಎಂಬುದು ಬೇರೆ ವಿಷಯ.

ಕೂತವನಿಗೂ ಧರ್ಮವಿದೆ. ಹಿಂದೆ ಜನ ನಿಂತಿದ್ದಾರೆಂದು ಗಬಗಬ ನುಂಗಬೇಕಿಲ್ಲ. ಯಾರೂ ನಿಂತೇ ಇಲ್ಲವೆಂಬಂತೆ ಪೇಪರನ್ನು ಹರಡಿಕೊಳ್ಳಲೂಬಾರದು. ಈ ಒಪ್ಪಂದವನ್ನು ಮುರಿದ ಒಬ್ಬನನ್ನು ನಾನಿನ್ನೂ ಮರೆತಿಲ್ಲ. ಮಲ್ಲೇಶ್ವರದ ಕಡೆಯ ಒಂದು ಹೋಟೆಲು. ಆತನ ದೋಸೆ ಮುಗಿದಿತ್ತು, ಕಾಫಿ ಮುಗಿದಿತ್ತು, ಬಿಲ್ಲಿನ ಚೀಟಿ ಲೋಟದ ಕೆಳಗೆ ಒದ್ದೆಯಾಗುತ್ತಿತ್ತು. ನಾನು ಆಗಲೇ ಮಂಡಿಯನ್ನು ಅರ್ಧ ಬಗ್ಗಿಸಿದ್ದೆ. ಆತ ತಲೆಯೆತ್ತಿ ಸಪ್ಲೈಯರನ್ನು ಕರೆದು 'ಒಂದು ಕೇಸರಿಬಾತ್' ಎಂದ. ಕಾಫಿಯ ಮೇಲೆ ಕೇಸರಿಬಾತ್! ಕಾಫಿಯೆಂದರೆ ಮಂಗಳಾರತಿ. ಮಂಗಳಾರತಿ ಆದ ಮೇಲೆ ಮತ್ತೆ ಸಂಕಲ್ಪಕ್ಕೆ ಕೂರುವವರುಂಟೇ? ಅಕ್ಕಪಕ್ಕದ ಕುರ್ಚಿಗಳ ಹಿಂದೆ ನಿಂತಿದ್ದವರೆಲ್ಲ ನನ್ನ ಕಡೆ ನೋಡಿದ ನೋಟದಲ್ಲಿ, ಸಾವಿನ ಮನೆಗೆ ಬಂದವರ ಕನಿಕರವಿತ್ತು.

ಈಗ ಹೆಸರುವಾಸಿ ಹೋಟೆಲುಗಳಲ್ಲಿ ಬಾಗಿಲಲ್ಲೇ ಹೆಸರು ಬರೆದುಕೊಂಡು ಸರದಿ ಬಂದಾಗ ಕೂಗುತ್ತಾರೆ. ನ್ಯಾಯವಾದ ಏರ್ಪಾಡೇ ಸರಿ. ಆದರೆ ಬಸವನಗುಡಿಯಲ್ಲಿ ನಿಂತು 'ಮೂರ್ತಿ, ನಾಲ್ಕು ಜನ' ಎಂದು ಕೂಗಿದರೆ ಫುಟ್‌ಪಾತಿನ ಮೇಲಿಂದ ಮೂರು ಮೂರ್ತಿಗಳು ಸಪರಿವಾರ ಹೊರಡುತ್ತಾರೆ. ನಾನಂತೂ ನನ್ನ ಹೆಸರು ಬಿಟ್ಟು ಅಜ್ಜನ ಹೆಸರನ್ನು ಬರೆಸುತ್ತೇನೆ. ಆ ಹೆಸರಿನವರು ಈಗ ಯಾರೂ ಉಳಿದಿಲ್ಲ.

ಹಳೆಯ ಹೋಟೆಲುಗಳು ಮಾಡಿದ ಒಂದು ದೊಡ್ಡ ಉಪಕಾರವೆಂದರೆ, ನಡವಳಿಕೆಯ ನಿಯಮಗಳನ್ನೆಲ್ಲ ಗೋಡೆಗೆ ಬರೆಸಿಬಿಟ್ಟದ್ದು. 'ತಟ್ಟೆಯಲ್ಲಿ ಕೈ ತೊಳೆಯಬೇಡಿ.' 'ರಾಜಕೀಯ ಮಾತನಾಡಬೇಡಿ.' 'ಇಂದು ನಗದು, ನಾಳೆ ಉದ್ರಿ.' ಕೈ ತೊಳೆಯುವ ಜಾಗದಲ್ಲಿ, ಕನ್ನಡಿಯ ನೆತ್ತಿಯ ಮೇಲೆಯೇ, 'ಇಲ್ಲಿ ತಲೆ ಬಾಚಬೇಡಿ.' ಹಾಗಾದರೆ ಕನ್ನಡಿ ಯಾಕೆ ಹಾಕಿಸಿದರು ಎಂದು ಗಲ್ಲಾದ ಮೇಲೆ ಕೂತವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಏನೇ ಇರಲಿ, ಓದು ಬಂದರೆ ಸಾಕಿತ್ತು, ನೀವು ಸಭ್ಯರಾಗಬಹುದಿತ್ತು.

ಗೋಡೆಗೆ ಬರೆಸುವವರು ತಮ್ಮನ್ನೂ ನಿಯಮಕ್ಕೆ ಒಳಪಡಿಸಿಕೊಂಡಿದ್ದರು ಎಂಬುದನ್ನು ಮರೆಯಬಾರದು. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿಕೊಂಡು ಬಂದರು. ಬರುವಾಗ ಅವರು ಮುಳ್ಳುಚಮಚ ಹಿಡಿಯುವ ಶಾಸ್ತ್ರ ತರಲಿಲ್ಲ. ಪಾತ್ರೆ ಪಡಗಗಳನ್ನು ಕ್ರಿಮಿ ಇಲ್ಲದಂತೆ ಶುದ್ಧಿ ಮಾಡುವ ಪದ್ಧತಿಯನ್ನು ತಂದರು. ನೋಡಿ, ಇದು ನನಗೆ ಹಿಡಿಸಿದ ಶಿಷ್ಟಾಚಾರ: ಗಿರಾಕಿ ಹೇಗೆ ತಿನ್ನಬೇಕೆಂಬ ಗೊಡವೆಗೆ ಹೋಗದೆ, ಅವನು ತಿನ್ನುವ ತಟ್ಟೆ ಹೇಗಿರಬೇಕೆಂದು ಯೋಚಿಸುವುದು.

ಆಮೇಲೆ ದರ್ಶಿನಿಗಳು ಬಂದವು. 1983ರಲ್ಲಿ ಜಯನಗರದಲ್ಲಿ ಮೊದಲನೆಯದು ತೆರೆದಾಗ ಕುರ್ಚಿಯ ಹಿಂದೆ ನಿಲ್ಲುವ ಸಮಸ್ಯೆ ಬೇರುಸಹಿತ ಬಗೆಹರಿಯಿತು: ಕುರ್ಚಿಯನ್ನೇ ತೆಗೆದುಹಾಕಿದರು. ನಿಂತು ತಿನ್ನುವ ಎತ್ತರದ ಮೇಜಿನ ಸುತ್ತ ಒಬ್ಬನ ಇಡ್ಲಿ, ಇನ್ನೊಬ್ಬನ ಚೌಚೌಬಾತ್, ಮೂರನೆಯವನ ಹೆಲ್ಮೆಟ್. ಹೆಲ್ಮೆಟ್ಟಿನ ವಿಷಯದಲ್ಲಿ ಒಂದು ಬೋರ್ಡು ಬೇಕಾಗಿತ್ತು, ಯಾರೂ ಹಾಕಿಸಲಿಲ್ಲ. ಆದರೂ ದರ್ಶಿನಿಯ ಗಿರಾಕಿಗಳು ಒಂದು ಸೂಕ್ಷ್ಮವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದು ಬೈಟು ಕಾಫಿ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿದಾಗ ಒಂದರಲ್ಲಿ ಅರ್ಧ ಬೆರಳು ಜಾಸ್ತಿ ಇದ್ದೇ ಇರುತ್ತದೆ. ಸ್ನೇಹಿತರಿಬ್ಬರೂ ಅದನ್ನು ಗಮನಿಸಿರುತ್ತಾರೆ, ಇಬ್ಬರೂ ಗಮನಿಸದವರಂತೆ ಕಡಿಮೆಯದಕ್ಕೆ ಕೈ ಚಾಚುತ್ತಾರೆ. ಜಾಸ್ತಿಯದಕ್ಕೇ ಕೈ ಹಾಕುವವನ ಸ್ನೇಹವನ್ನು ಅಲ್ಲೇ ಬಿಡಬೇಕು. ನಾಲ್ವರು ಹೋಗಿ 'ತ್ರೀ ಬೈ ಫೋರ್' ಹೇಳಿದರೆ ಕಾಫಿ ಹಾಕುವವನು ಲೆಕ್ಕ ತಪ್ಪದೆ ಹಂಚಿಬಿಡುತ್ತಾನೆ. ನನಗೆ ಭಿನ್ನರಾಶಿ ಅರ್ಥವಾದದ್ದು ಆಗಲೇ.

ಹೀಗೆ ನಾನು ಹೋಟೆಲ್ ಶಿಷ್ಟಾಚಾರದಲ್ಲಿ ಪಳಗಿದವನು ಎಂಬ ಹಮ್ಮಿನಲ್ಲಿದ್ದಾಗ ನಮ್ಮ ಮದುವೆಯ ವಾರ್ಷಿಕೋತ್ಸವ ಬಂತು. ಮಗಳು ಕಬ್ಬನ್ ಪಾರ್ಕಿನ ಆಚೆಗಿನ ಒಂದು ಭಾರಿ ರೆಸ್ಟೋರೆಂಟಿನಲ್ಲಿ ಮೇಜು ಕಾದಿರಿಸಿದಳು. ಎಂಟರಿಂದ ಒಂಬತ್ತೂವರೆಯವರೆಗೆ ಮೇಜು ನಮ್ಮದಂತೆ. ಬಟ್ಟೆ 'ಸ್ಮಾರ್ಟ್ ಕ್ಯಾಶುಯಲ್' ಇರಬೇಕಂತೆ. 'ರೇಷ್ಮೆ ಸೀರೆ ಸ್ಮಾರ್ಟೋ ಕ್ಯಾಶುಯಲ್ಲೋ?' ಎಂದು ನನ್ನ ಹೆಂಡತಿ ಕೇಳಿದಳು. ಮಗಳು ತುಸು ಯೋಚಿಸಿ, 'ಅಮ್ಮ, ನೀನು ಏನು ಉಟ್ಟರೂ ಪರವಾಗಿಲ್ಲ, ಅಪ್ಪ ಚಪ್ಪಲಿ ಹಾಕ್ಕೊಂಡು ಬರದಿದ್ದರೆ ಸಾಕು' ಎಂದಳು.

ಒಳಗೆ ಗೋಡೆಗಳೆಲ್ಲ ಖಾಲಿ. ಒಂದು ಬೋರ್ಡಿಲ್ಲ. ಏನು ಮಾಡಬಾರದು ಎಂದು ಬರೆಯದ ಜಾಗದಲ್ಲಿ ಏನು ಮಾಡಿದರೂ ತಪ್ಪಾಗುತ್ತದೆ ಎಂದು ನನಗೆ ಕೂಡಲೇ ಹೊಳೆಯಿತು. ದೀಪ ಎಷ್ಟು ಮಂದವಾಗಿತ್ತೆಂದರೆ ಬೆಲೆ ಕಾಣುತ್ತಿರಲಿಲ್ಲ. ಉದ್ದೇಶವೂ ಅದೇ ಇರಬೇಕು. ಒಬ್ಬ ಹುಡುಗ ಬಂದು ನೀರು 'ಸ್ಟಿಲ್ಲೋ ಸ್ಪಾರ್ಕ್ಲಿಂಗೋ' ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅಭ್ಯಾಸಬಲದಿಂದ 'ಬಿಸಿನೀರು' ಎಂದೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇವನು ದೊಡ್ಡ ತರಬೇತಿಯವನು ಅಂದುಕೊಂಡೆ.

ಮೊದಲು ಬಂದದ್ದು ಹೆಬ್ಬೆಟ್ಟಿನ ಎತ್ತರದ ಗಾಜಿನ ಲೋಟಗಳಲ್ಲಿ ಸಾರು. ಅದು ಎಲ್ಲಿಯ ಟೊಮೆಟೊ, ಎಷ್ಟು ಗಂಟೆ ಕುದಿದಿದೆ, ಯಾವ ಮೆಣಸು ಎಂದು ಹುಡುಗ ವಿವರಿಸಿದ. ವಿವರಣೆ ಮುಗಿಯುವ ಹೊತ್ತಿಗೆ ಸಾರು ಆರಿತ್ತು. ಹೆಂಡತಿ ಲೋಟವನ್ನು ದೀಪಕ್ಕೆ ಹಿಡಿದು ನೋಡಿ, ಮೆಲ್ಲಗೆ ನನ್ನನ್ನು ಕೇಳಿದಳು: 'ಅಲ್ಲಾರೀ, ಇಷ್ಟು ಸಾರಿಗೆ ಒಗ್ಗರಣೆ ಹೇಗೆ ಹಾಕಿದರು?' ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಕೇಳಿದ ಎಷ್ಟೋ ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇದು ಅವುಗಳಲ್ಲಿ ಮುಖ್ಯವಾದದ್ದು.

ತೊಂದರೆ ಶುರುವಾದದ್ದು ಆಮೇಲೆ. ಊಟದ ತಟ್ಟೆಗಳು ಬಂದವು. ನಾನು ಚಮಚ ಎತ್ತುವಾಗ, ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಬಾರದು ಎಂಬುದು ನನಗೆ ಗೊತ್ತಿದ್ದ ಶಿಷ್ಟಾಚಾರ. ಓರೆಗಣ್ಣಿನಲ್ಲಿ ನೋಡಿದೆ. ಕಪ್ಪು ಪ್ಯಾಂಟು, ಇಸ್ತ್ರಿಯ ಶರ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ನನ್ನ ತಟ್ಟೆ ನೋಡದೆ ಗೋಡೆಯನ್ನು ನೋಡುತ್ತ, ನನ್ನ ಕುರ್ಚಿಯಿಂದ ಒಂದೂವರೆ ಅಡಿ ದೂರದಲ್ಲಿ ನಿಂತಿದ್ದಾರೆ. ಎಷ್ಟು ಸಭ್ಯವಾಗಿ ನಿಂತಿದ್ದಾರೆ! ಕುರ್ಚಿಗೆ ಕೈ ಇಟ್ಟಿಲ್ಲ, ಗಂಟಲು ಸರಿಮಾಡಿಲ್ಲ. ಇಂಥವರನ್ನು ಕಾಯಿಸುವುದು ಪಾಪ ಅನ್ನಿಸಿ ನಾನು ಬೇಗಬೇಗ ತಿನ್ನತೊಡಗಿದೆ. 'ಯಾಕಪ್ಪಾ ಇಷ್ಟು ಅವಸರ?' ಎಂದಳು ಮಗಳು. ಕಣ್ಸನ್ನೆಯಲ್ಲಿ ಹಿಂದೆ ತೋರಿಸಿದೆ; ಅವಳಿಗೆ ಅರ್ಥವಾಗಲಿಲ್ಲ. ನನ್ನ ಹೆಂಡತಿಗೆ ತಕ್ಷಣ ಅರ್ಥವಾಯಿತು. ಅವಳೂ ನಮ್ಮ ಅಪ್ಪನ ಜೊತೆ ಹೋಟೆಲಿಗೆ ಹೋದವಳೇ. ತನ್ನ ಹಿಂದೆಯೂ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು, ಅವಳೂ ಚಮಚದ ವೇಗ ಹೆಚ್ಚಿಸಿದಳು. ಒಂದು ತಟ್ಟೆಗೆ ಸಾವಿರದ ಮೇಲೆ ತೆತ್ತ ಊಟವನ್ನು ನಾವು ದಂಪತಿಗಳು ಆರು ನಿಮಿಷದಲ್ಲಿ ಮುಗಿಸಿದೆವು.

ಕೊನೆಯ ತುತ್ತು ನುಂಗಿ ನಾನು ಎದ್ದೆ. ಆತ ಮುಂದೆ ಬಂದು ಕುರ್ಚಿಯನ್ನು ಹಿಂದಕ್ಕೆಳೆದ. ನನ್ನ ಅನುಮಾನ ನಿಜವಾಯಿತಲ್ಲ! 'ಬನ್ನಿ, ಕೂತ್ಕೊಳ್ಳಿ, ನಂದಾಯ್ತು' ಎಂದು ಜಾಗ ಬಿಟ್ಟುಕೊಟ್ಟೆ.

ಅಷ್ಟು ಹೊತ್ತು ಕಲ್ಲಿನಂತಿದ್ದ ಮುಖ ಅರಳಿತು. ಆತ ನನ್ನ ಕಿವಿಯ ಹತ್ತಿರ ಬಗ್ಗಿ, ಮ್ಯಾನೇಜರಿಗೆ ಕೇಳದಂತೆ, 'ನೀವು ಕೂಕಣಿ ಸಾರ್. ಗಡಿಬಿಡಿ ಎಂತಕೆ? ನಾನು ಬಡಿಸುಕೆ ನಿಂತದ್ದು' ಎಂದ.

ಕುಂದಾಪುರದ ಕಡೆಯ ಹುಡುಗ! ಬಿಸಿನೀರು ಕೇಳಿದಾಗ ಮುಖ ಅಲುಗದವನೂ ಇವನೇ. ನಾನು ಕೂತೆ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಾವಳ್ಳಿಯ ಮಯ್ಯರು ಪಾರಂಪಳ್ಳಿಯಿಂದ ಬಂದವರು. 1943ರಲ್ಲಿ ವಿದ್ಯಾರ್ಥಿ ಭವನ ತೆರೆದ ವೆಂಕಟರಮಣ ಉರಾಳರು ಸಾಲಿಗ್ರಾಮದವರು. ಮುಂದೆ ಅದನ್ನು ವಹಿಸಿಕೊಂಡ ಅಡಿಗರು ಶಂಕರನಾರಾಯಣದವರು. ಬೆಂಗಳೂರು ಕೂತು ತಿನ್ನುವಾಗ ಆ ಕರಾವಳಿಯ ಪಟ್ಟಿಯವರು ನೂರು ವರ್ಷದಿಂದ ನಿಂತು ಬಡಿಸುತ್ತಿದ್ದಾರೆ. ಇವನ ಶರ್ಟಿಗೆ ಇಸ್ತ್ರಿ ಬಿದ್ದಿದೆ, ಬಾಯಿಗೆ ಇಂಗ್ಲಿಷು ಬಂದಿದೆ, ಅಷ್ಟೆ. ಆಮೇಲೆ ನಾವು ಕೇಳದೆಯೇ ಒಂದು ಚೊಂಬಿನ ತುಂಬ ಬಿಸಿನೀರು ಬಂತು. ಚೊಂಬನ್ನು ಅವನು ಎಲ್ಲಿಂದ ತಂದನೋ, ಆ ರೆಸ್ಟೋರೆಂಟಿನದಂತೂ ಅಲ್ಲ.

ಬಿಲ್ ಬಂತು. ಅದರಲ್ಲಿ ಸೇವಾ ಶುಲ್ಕವೆಂದು ಶೇಕಡಾ 10 ಸೇರಿತ್ತು. ಮಗಳು ಕಾನೂನು ಬಲ್ಲವಳು. ಗ್ರಾಹಕರನ್ನು ಕೇಳದೆ ಹೀಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, 2025ರಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ ಎಂದು ಮ್ಯಾನೇಜರಿಗೆ ನಗುನಗುತ್ತ ವಿವರಿಸಿದಳು. ಆತನೂ ನಗುನಗುತ್ತ ತೆಗೆದುಹಾಕಿದ. ಗೆದ್ದೆವು. ಆದರೆ ಚೊಂಬು ತಂದ ಹುಡುಗನಿಗೆ ಏನಾದರೂ ಕೊಡಬೇಕಲ್ಲ? ಹಿಂದೆ ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ಬಿಟ್ಟು, ನೋಡದವರಂತೆ ಎದ್ದು ಬರುತ್ತಿದ್ದೆವು. ಈಗ ಜೇಬಿನಲ್ಲಿ ಫೋನು ಬಿಟ್ಟರೆ ಏನೂ ಇಲ್ಲ. 'ನಿನ್ನ ಕ್ಯೂಆರ್ ಕೋಡ್ ತೋರಿಸಪ್ಪ' ಎಂದು ಕೇಳಿದರೆ ಅದು ಭಕ್ಷೀಸಾಗುವುದಿಲ್ಲ, ವಸೂಲಿಯಾಗುತ್ತದೆ. ಕೊನೆಗೆ ಹೆಂಡತಿ ತನ್ನ ಪರ್ಸಿನ ಒಳಜೇಬಿನಿಂದ, ದೇವರ ಹುಂಡಿಗೆಂದು ನಾಲ್ಕು ಮಡಿಕೆ ಮಡಿಸಿಟ್ಟಿದ್ದ 200 ರೂಪಾಯಿಯ ನೋಟು ತೆಗೆದು ಚೊಂಬಿನ ಕೆಳಗಿಟ್ಟಳು. ಗಡಿಯಾರ ನೋಡಿದೆ. ಇನ್ನೂ ಒಂಬತ್ತಾಗಿರಲಿಲ್ಲ.

ಈ ಭಾನುವಾರ ಮತ್ತೆ ದೋಸೆಗೆ ಹೋಗುತ್ತೇನೆ, ನನಗೆ ಹೊಂದುವ ಜಾಗಕ್ಕೆ. ಅಲ್ಲಿ ಒಂದು ವೇಳೆ ನೀವು ನನ್ನ ಕುರ್ಚಿಯ ಹಿಂದೆ ನಿಲ್ಲುವಂತಾದರೆ ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದಂತೆ ಸಿಹಿಯ ಚಪಲ ಹೆಚ್ಚಾಗಿದೆ. ಈಚೆಗೆ ನಾನು ಕಾಫಿ ಮುಗಿಸಿದ ಮೇಲೂ ಒಂದು ಕೇಸರಿಬಾತ್ ಹೇಳುತ್ತಿದ್ದೇನೆ. ದಯವಿಟ್ಟು ಬೇರೆ ಕುರ್ಚಿ ನೋಡಿಕೊಳ್ಳಿ.